ಬೆಳೆಯನ್ನೇ ಕೊಂಡುಬಿಡಿ: ಶಾನ್ ಬಂಡುಕೋರರು ಅಮೆರಿಕದ ಮುಂದಿಟ್ಟ ಅಫೀಮಿನ ಪ್ರಸ್ತಾವ, 1973–77

1972ರ ಮಾರ್ಚ್ ತಿಂಗಳಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಬಳಿ 26 ಟನ್ ಅಫೀಮನ್ನು ರಾಶಿ ಹಾಕಿ ಸುಡಲಾಯಿತು. ಸುಡಲು ಒಪ್ಪಿಸಿದವರು ಚೀನಾದ ರಾಷ್ಟ್ರೀಯವಾದಿ ಪಕ್ಷವಾದ ಕುವೊಮಿಂಟಾಂಗ್‌ನ ಪಡೆಗಳ ಅಧಿಕಾರಿಗಳು. ಚೀನಾದ ಅಂತರ್ಯುದ್ಧದಲ್ಲಿ ಸೋತು, ಯುನ್ನಾನ್ ಗಡಿ ದಾಟಿ ಬರ್ಮಾಕ್ಕೆ ಬಂದು, ಅಲ್ಲಿಂದ ಥಾಯ್ ಗಡಿಯ ಗುಡ್ಡಗಳಿಗೆ ಇಳಿದಿದ್ದವರು ಅವರು. ಹಣ ಅಮೆರಿಕದ್ದು. ಇದೇ ನಮ್ಮ ಕೊನೆಯ ದಾಸ್ತಾನು, ಇನ್ನು ಈ ವ್ಯಾಪಾರಕ್ಕೆ ಕೈ ಹಾಕುವುದಿಲ್ಲ ಎಂದು ಅವರು ಮಾತು ಕೊಟ್ಟರು. ಬದಲಿಗೆ ಥಾಯ್ ನೆಲದಲ್ಲಿ ನೆಲೆ ನಿಲ್ಲಲು ಅವಕಾಶ ಸಿಕ್ಕಿತು. ಕೆಲವೇ ತಿಂಗಳಲ್ಲಿ ಅಮೆರಿಕದ ಅಂಕಣಕಾರ ಜ್ಯಾಕ್ ಆಂಡರ್ಸನ್, ಆ ರಾಶಿಯಲ್ಲಿ ಅಫೀಮಿಗಿಂತ ಮೇವು ಮತ್ತು ಕಸವೇ ಹೆಚ್ಚಿತ್ತೆಂದು ಬರೆದರು. ಅಧಿಕಾರಿಗಳು ಅಲ್ಲಗಳೆದರು. ರಾಶಿಯಲ್ಲಿ ಏನಿತ್ತು ಎಂಬ ಜಗಳ ಏನೇ ಇರಲಿ, ಕುವೊಮಿಂಟಾಂಗಿನ ಹೇಸರಗತ್ತೆಗಳ ಸಾಲು ಮರುವರ್ಷವೂ ಅದೇ ಕಣಿವೆಗಳಲ್ಲಿ ನಡೆಯಿತು.

ಬಂದೂಕು ಹಿಡಿದವರಿಂದ ಅಫೀಮು ಕೊಳ್ಳುವ ಮಾತು ಎತ್ತಿದಾಗಲೆಲ್ಲ ಈ ಬೆಂಕಿಯನ್ನು ನೆನಪಿಸುವವರಿದ್ದಾರೆ. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಅದರ ಮರುವರ್ಷ ಶುರುವಾದ ಇನ್ನೊಂದು ಕಥೆಯನ್ನು. ಆ ಕಥೆಯಲ್ಲಿ ಹಣ ಕೈಬದಲಾಗಲಿಲ್ಲ, ಒಂದು ಸೇರು ಅಫೀಮೂ ಸುಡಲಿಲ್ಲ. ಒಂದು ಬಂಡುಕೋರ ಸೇನೆ ತನ್ನ ಹಿಡಿತದ ಅಫೀಮನ್ನೆಲ್ಲ ಅಮೆರಿಕಕ್ಕೆ ಒಪ್ಪಿಸುತ್ತೇನೆಂದು ಕಾಗದದಲ್ಲಿ ಬರೆದುಕೊಟ್ಟಿತು. ನಾಲ್ಕು ವರ್ಷಗಳ ಕಾಲ ಆ ಮಾತು ಬೇರೆ ಬೇರೆ ರೂಪದಲ್ಲಿ ವಾಷಿಂಗ್ಟನ್ನಿನ ಬಾಗಿಲು ತಟ್ಟಿತು, ಪ್ರತಿ ಸಲವೂ ಬಾಗಿಲು ಮುಚ್ಚಿತು. ಮುಚ್ಚಿದವರ ಬಳಿ ಕಾರಣಗಳಿದ್ದವು, ಅವುಗಳಲ್ಲಿ ಕೆಲವು ಗಟ್ಟಿಯಾದವೇ. ಆದರೂ ಅದನ್ನು ಒಂದು ಕಣಿವೆಯಲ್ಲಿ, ಒಂದು ಸುಗ್ಗಿಯ ಮಟ್ಟಿಗಾದರೂ ಪರೀಕ್ಷಿಸಿ ನೋಡದೆ ಬಿಟ್ಟದ್ದು ದೊಡ್ಡ ತಪ್ಪು ಎಂದು ನಾನು ನಂಬಿದ್ದೇನೆ. ಆ ತಪ್ಪಿನ ಬೆಲೆಯನ್ನು ತೆತ್ತವರು ಮಾತುಕತೆಯಲ್ಲಿ ಎಲ್ಲೂ ಕಾಣಿಸಿಕೊಳ್ಳದ ಬೆಟ್ಟದ ರೈತರು.

ನೆಲ, ಬೆಳೆ

ಶಾನ್ ರಾಜ್ಯ ಬರ್ಮಾದ, ಅಂದರೆ ಇಂದಿನ ಮ್ಯಾನ್ಮಾರ್‌ನ, ಪೂರ್ವದ ಎತ್ತರದ ಸೀಮೆ. ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ನಡುವೆ ಸಾಲ್ವಿನ್ ನದಿ ಆಳವಾದ ಕಮರಿ ಕೊರೆದು ಹರಿಯುತ್ತದೆ. ಕಣಿವೆಗಳಲ್ಲಿ ಶಾನ್ ಜನರ ಗದ್ದೆಗಳು. ಮೇಲೆ, ಸಾವಿರ ಮೀಟರಿಗಿಂತ ಎತ್ತರದ ಇಳಿಜಾರುಗಳಲ್ಲಿ, ಲಾಹು, ಲಿಸು, ಆಖಾ, ಪಲಾಂಗ್, ವಾ ಜನರ ಊರುಗಳು, ಈಶಾನ್ಯದಲ್ಲಿ ಕೊಕಾಂಗ್ ಚೀನೀಯರು. ಅಫೀಮು ಬೆಳೆಯುವವರು ಮುಖ್ಯವಾಗಿ ಈ ಮೇಲಿನವರು. ಈ ಪ್ರಕರಣದಲ್ಲಿ 'ಶಾನ್ ಅಫೀಮು' ಎಂದು ಕಾಗದಪತ್ರಗಳಲ್ಲಿ ಬರುವುದನ್ನು ಓದುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು. ಬೆಳೆಯುವವನು ಒಬ್ಬ, ತೆರಿಗೆ ಎತ್ತುವವನು ಇನ್ನೊಬ್ಬ, ಸಾಗಿಸಿ ಲಾಭ ಮಾಡುವವನು ಮತ್ತೊಬ್ಬ.

ನಮ್ಮ ಮನೆಗಳಲ್ಲಿ ಹಬ್ಬದ ಪಾಯಸಕ್ಕೆ ಹುರಿದು ಅರೆಯುವ ಗಸಗಸೆ ಇದೇ ಗಿಡದ ಬೀಜ. ಅಮಲು ಇರುವುದು ಬೀಜದಲ್ಲಲ್ಲ, ಹಸಿ ಕಾಯಿಯ ಹಾಲಿನಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಗಿಡ ಚಳಿಗಾಲದಲ್ಲಿ ಹೂ ಬಿಡುತ್ತದೆ. ದಳ ಉದುರಿ ಕಾಯಿ ಬಲಿತಾಗ ಮನೆಮಂದಿಯೆಲ್ಲ ಹೊಲಕ್ಕೆ ಇಳಿಯುತ್ತಾರೆ. ಇಳಿಹೊತ್ತಿನಲ್ಲಿ, ಮೂರು ನಾಲ್ಕು ಅಲಗುಗಳನ್ನು ಒಟ್ಟಿಗೆ ಕಟ್ಟಿದ ಪುಟ್ಟ ಕತ್ತಿಯಿಂದ ಒಂದೊಂದು ಕಾಯಿಯನ್ನೂ ಮೇಲಿಂದ ಕೆಳಕ್ಕೆ ಗೀರುತ್ತಾರೆ. ಗೀರು ಆಳವಾದರೆ ಹಾಲು ಕಾಯಿಯ ಒಳಕ್ಕೇ ಸೋರುತ್ತದೆ, ತೆಳುವಾದರೆ ಹೊರಗೆ ಬರುವುದಿಲ್ಲ. ರಾತ್ರಿಯಿಡೀ ಒಸರಿದ ಬಿಳಿ ಹಾಲು ಬೆಳಗಾಗುವಷ್ಟರಲ್ಲಿ ಕಂದಾಗಿ ಅಂಟುಗಟ್ಟಿರುತ್ತದೆ. ಬಿಸಿಲೇರುವ ಮುನ್ನ ಬಾಗಿದ ತಗಡಿನಿಂದ ಅದನ್ನು ಕೆರೆದು ತೆಗೆಯಬೇಕು. ನಡುವೆ ಮಳೆ ಬಂದರೆ ವರ್ಷದ ದುಡಿಮೆ ತೊಳೆದುಹೋಗುತ್ತದೆ. ಸಾವಿರಾರು ಕಾಯಿಗಳನ್ನು ಗೀರಿ ಕೆರೆದರೆ ಒಂದೆರಡು ಕಿಲೋ. ಇಷ್ಟು ಕೂಲಿ ಬೇಡುವ ಬೆಳೆಯನ್ನು ಯಾರೂ ಸುಲಭದ ದುಡ್ಡಿಗಾಗಿ ಬೆಳೆಯುವುದಿಲ್ಲ.

ಹಾಗಾದರೆ ಏಕೆ ಬೆಳೆದರು? ಸುಟ್ಟು ಬಿತ್ತುವ ಇಳಿಜಾರಿನ ಭತ್ತ ಅನೇಕ ಊರುಗಳಲ್ಲಿ ವರ್ಷದ ಎಲ್ಲ ತಿಂಗಳಿಗೂ ಸಾಲುತ್ತಿರಲಿಲ್ಲ. ಉಳಿದ ತಿಂಗಳ ಅಕ್ಕಿಯನ್ನು, ಉಪ್ಪನ್ನು, ಬಟ್ಟೆಯನ್ನು ವ್ಯಾಪಾರಿಯಿಂದ ಸಾಲ ತಂದು, ಸುಗ್ಗಿಯಲ್ಲಿ ಅಫೀಮು ಕೊಟ್ಟು ತೀರಿಸಬೇಕಿತ್ತು. ರಸ್ತೆಯಿಲ್ಲದ ಬೆಟ್ಟದಿಂದ ಸಂತೆಗೆ ಹೊತ್ತೊಯ್ದರೆ ಹೊರೆಗೆ ತಕ್ಕ ಬೆಲೆ ಬರುವ, ಕೊಳೆಯದ ಪದಾರ್ಥ ಅದೊಂದೇ. 1964ರ ಮೇ ತಿಂಗಳಲ್ಲಿ ಜನರಲ್ ನೆ ವಿನ್ ಸರ್ಕಾರ 50 ಮತ್ತು 100 ಕ್ಯಾಟ್ ನೋಟುಗಳನ್ನು ರದ್ದು ಮಾಡಿದಾಗ ಜನ ಕೂಡಿಟ್ಟ ದುಡ್ಡು ರಾತ್ರೋರಾತ್ರಿ ಕಾಗದವಾಯಿತು. ಬಿದಿರ ಬುಟ್ಟಿಯಲ್ಲಿ ಸುತ್ತಿಟ್ಟ ಅಫೀಮಿನ ಉಂಡೆಗೆ ಅಂಥ ಗತಿ ಬರುವುದಿಲ್ಲ. ಬೆಟ್ಟದ ಸೀಮೆಯಲ್ಲಿ ಅದೇ ಬ್ಯಾಂಕು, ಅದೇ ನಾಣ್ಯ, ಅದೇ ನೋವಿನ ಔಷಧಿ.

ಬಂದೂಕು ಹಿಡಿದವರು

1947ರ ಫೆಬ್ರವರಿ 12ರಂದು ಪಂಗ್ಲಾಂಗ್ ಎಂಬ ಶಾನ್ ಊರಿನಲ್ಲಿ ಬರ್ಮಾ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಜೊತೆ ಶಾನ್, ಕಚಿನ್, ಚಿನ್ ಮುಖಂಡರು ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷದ ಸಂವಿಧಾನ, ಹತ್ತು ವರ್ಷಗಳ ನಂತರ ಬೇಕಿದ್ದರೆ ಒಕ್ಕೂಟದಿಂದ ಹೊರಹೋಗುವ ಹಕ್ಕನ್ನು ಶಾನ್ ರಾಜ್ಯಕ್ಕೆ ಕೊಟ್ಟಿತ್ತು. 1958ರ ವೇಳೆಗೆ ಆ ಹಕ್ಕು ಬರಿಯ ಬರಹವೆಂಬುದು ಸ್ಪಷ್ಟವಾಗಿ, ಯುವಕರು ಕಾಡು ಸೇರಿದರು. 1962ರ ಮಾರ್ಚ್ 2ರಂದು ನೆ ವಿನ್ ಅಧಿಕಾರ ಕಿತ್ತುಕೊಂಡಾಗ ಬಂಧಿತರಾದವರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಧ್ಯಕ್ಷ, ಯಾಂಗ್‌ಹ್ವೆಯ ಶಾನ್ ಸಂಸ್ಥಾನಿಕ ಸಾವೊ ಶ್ವೆ ಥಾಯ್ಕ್ ಕೂಡ ಇದ್ದರು. ಆ ರಾತ್ರಿಯೇ ಅವರ ಹದಿಹರೆಯದ ಮಗ ಗುಂಡಿಗೆ ಬಲಿಯಾದ. ಅದೇ ವರ್ಷ ಅವರು ಸೆರೆಯಲ್ಲೇ ತೀರಿಕೊಂಡರು. ಅವರ ಪತ್ನಿ ಸಾವೊ ನಾಂಗ್ ಹರ್ನ್ ಖಾಮ್ ಥಾಯ್ಲೆಂಡಿಗೆ ತಪ್ಪಿಸಿಕೊಂಡು ಹೋಗಿ, ಚೆದುರಿದ್ದ ಗುಂಪುಗಳನ್ನು ಕೂಡಿಸಿ 1964ರಲ್ಲಿ ಶಾನ್ ರಾಜ್ಯ ಸೇನೆಯನ್ನು ಕಟ್ಟಲು ಮುಂದಾದರು. ಈ ಸೇನೆಯನ್ನು 'ಅಫೀಮು ಕಳ್ಳರ ಗುಂಪು' ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಹಿನ್ನೆಲೆಯನ್ನು ಬಿಟ್ಟು ಮಾತಾಡುತ್ತಾರೆ.

ಅಫೀಮಿನ ನಂಟು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಬಂದೂಕು, ಅಕ್ಕಿ, ಔಷಧಿ ಎಲ್ಲಕ್ಕೂ ಹಣ ಬೇಕು. ತನ್ನ ಸೀಮೆಯ ಬೆಳೆಯ ಮೇಲೂ ಹಾದುಹೋಗುವ ಸರಕಿನ ಮೇಲೂ ಶಾನ್ ಸೇನೆ ತೆರಿಗೆ ಎತ್ತುತ್ತಿತ್ತು. ಅಲ್ಲಿ ಅಫೀಮಿನಿಂದ ದೂರ ನಿಂತ ಶಸ್ತ್ರಧಾರಿಗಳೇ ಇರಲಿಲ್ಲ. ಸರ್ಕಾರವೂ ಇದಕ್ಕೆ ಹೊರತಲ್ಲ. ಬಂಡುಕೋರರ ಮೇಲೆ ಛೂ ಬಿಡಲು ನೆ ವಿನ್ ಸರ್ಕಾರ 'ಕಾ ಕ್ವೆ ಯೇ' ಎಂಬ ಊರಗಾವಲು ಪಡೆಗಳನ್ನು ಕಟ್ಟಿತ್ತು. ಸಂಬಳ ಕೊಡುವ ಬದಲು, ಸರ್ಕಾರಿ ಹಿಡಿತದ ರಸ್ತೆಗಳಲ್ಲಿ ಅಫೀಮು ಸಾಗಿಸಿಕೊಳ್ಳಲು ಬಿಟ್ಟಿತು. ಕೊಕಾಂಗಿನ ಲೋ ಶಿಂಗ್-ಹಾನ್, ಹಾಗೆಯೇ ಖುನ್ ಸಾ ಎಂಬ ಅಫೀಮು ವ್ಯಾಪಾರಿಗಳು ದೊಡ್ಡವರಾದದ್ದು ಹೀಗೆ. 1967ರಲ್ಲಿ ಖುನ್ ಸಾನ 16 ಟನ್ನಿನ ಸರಕು ಲಾವೋಸ್ ಗಡಿಯಲ್ಲಿ ಕುವೊಮಿಂಟಾಂಗ್ ಪಡೆಗಳೊಂದಿಗೆ ಬಹಿರಂಗ ಯುದ್ಧಕ್ಕೇ ಕಾರಣವಾಯಿತು. ಕೊನೆಗೆ ಲಾವೋಸಿನ ಜನರಲ್ ಊವಾನ್ ರಾಟ್ಟಿಕೋನ್ ವಿಮಾನಗಳಿಂದ ಬಾಂಬು ಹಾಕಿಸಿ ಸರಕನ್ನು ದಕ್ಕಿಸಿಕೊಂಡ.

ಇದರ ಜೊತೆಗೆ, 1968ರಿಂದ ಬರ್ಮಾ ಕಮ್ಯುನಿಸ್ಟ್ ಪಕ್ಷದ ಪಡೆಗಳು ಚೀನಾದ ಬೆಂಬಲದೊಂದಿಗೆ ಈಶಾನ್ಯ ಗಡಿಯಿಂದ ನುಗ್ಗಿ, ಸಾಲ್ವಿನ್‌ನ ಪೂರ್ವಕ್ಕಿರುವ ಕೊಕಾಂಗ್ ಮತ್ತು ವಾ ಬೆಟ್ಟಗಳನ್ನು ಒಂದೊಂದಾಗಿ ಹಿಡಿದವು. ಅಫೀಮಿನ ಅತ್ಯಂತ ಫಲವತ್ತಾದ ಇಳಿಜಾರುಗಳು ಅಲ್ಲೇ ಇದ್ದವು. ಮುಂದೆ ಪ್ರಸ್ತಾವದ ತೂಕ ನೋಡುವಾಗ ಈ ಸಂಗತಿ ಮತ್ತೆ ಬರುತ್ತದೆ.

1973ರ ಕಾಗದ

1973ರ ಜನವರಿಯಲ್ಲಿ ನೆ ವಿನ್ ಸರ್ಕಾರ ಕಾ ಕ್ವೆ ಯೇ ಪಡೆಗಳನ್ನು ವಿಸರ್ಜಿಸಲು ಆಜ್ಞೆ ಹೊರಡಿಸಿತು. ಲೋ ಶಿಂಗ್-ಹಾನ್ ಬಂದೂಕು ಒಪ್ಪಿಸುವ ಬದಲು ಕಾಡು ಸೇರಿ, ನಿನ್ನೆಯವರೆಗೆ ತಾನು ಎದುರಿಸಿದ್ದ ಶಾನ್ ಸೇನೆಯ ಜೊತೆ ಕೈಜೋಡಿಸಿದ. ಅಮೆರಿಕದ ವಿದೇಶಾಂಗ ಇಲಾಖೆಯ ಮಾದಕವಸ್ತು ಸಲಹೆಗಾರರು ಅದಾಗಲೇ ಅವನನ್ನು ಆಗ್ನೇಯ ಏಷ್ಯಾದ ಹೆರಾಯಿನ್ ವ್ಯಾಪಾರದ ದೊರೆಯೆಂದು ಹೆಸರಿಸಿದ್ದರು. ಶಾನ್ ಸೇನೆಯ ಜೊತೆ ತಿಂಗಳುಗಟ್ಟಲೆ ನಡೆದಾಡುತ್ತ ಚಿತ್ರೀಕರಿಸುತ್ತಿದ್ದ ಬ್ರಿಟಿಷ್ ಸಾಕ್ಷ್ಯಚಿತ್ರ ತಂಡವೊಂದು ಆಗ ಅಲ್ಲೇ ಇತ್ತು. ಶಾನ್ ಸೇನೆಯ ನಾಯಕರೂ ಲೋ ಕೂಡ ಸೇರಿ ಸಹಿ ಹಾಕಿದ ಪ್ರಸ್ತಾವ ಹೊರಜಗತ್ತಿಗೆ ತಲುಪಿದ್ದು ಆ ತಂಡದ ಮೂಲಕ.

ಆ ಕಾಗದದಲ್ಲಿ ಏನಿತ್ತೆಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಅದನ್ನು 'ಅಫೀಮು ಮಾರುವ ಬೇಡಿಕೆ' ಎಂದಷ್ಟೇ ನೆನಪಿಟ್ಟುಕೊಂಡವರೇ ಹೆಚ್ಚು. ಅಮೆರಿಕದ ಮಾದಕವಸ್ತು ದಳದವರಾಗಲಿ, ಇನ್ನಾವ ಒಪ್ಪುವಂಥ ಸಂಸ್ಥೆಯವರಾಗಲಿ, ಬಂದು ಅಫೀಮಿನ ಸೀಮೆಯನ್ನು ಕಣ್ಣಾರೆ ನೋಡಬಹುದು. ಅಫೀಮಿನ ಸಾಗಣೆಯ ಸುದ್ದಿಯನ್ನು ತಮ್ಮದೇ ವೈರ್‌ಲೆಸ್ ಮೂಲಕ ಹೊರಗೆ ಕಳಿಸಬಹುದು. ತಮ್ಮ ಸೇನೆಗಳ ಹಿಡಿತಕ್ಕೆ ಸಿಕ್ಕ ಅಫೀಮನ್ನು ಅಂತರರಾಷ್ಟ್ರೀಯ ಮೇಲ್ವಿಚಾರಣೆಯಲ್ಲಿ ಸುಡುತ್ತೇವೆ. ಅಫೀಮಿನ ಆರ್ಥಿಕತೆಯನ್ನು, ಬೇಸಾಯವನ್ನು, ಜನಜೀವನವನ್ನು ಅಧ್ಯಯನ ಮಾಡಲು ಬರುವವರಿಗೆ ನೆರವಾಗುತ್ತೇವೆ. ಥಾಯ್ಲೆಂಡಿನಲ್ಲಿ ಕೂತು ಮಾತಾಡೋಣ. ತಾತ್ಕಾಲಿಕ ಪರಿಹಾರವಾಗಿ ಬೆಳೆಯನ್ನು ಕೊಳ್ಳುವ ಬಗೆ ಹೇಗೆಂದು ನಿರ್ಧರಿಸೋಣ. ಶಾಶ್ವತ ಪರಿಹಾರ ಮಾತ್ರ ಶಾನ್ ರಾಜ್ಯಕ್ಕೆ ನ್ಯಾಯವಾದ ರಾಜಕೀಯ ಇತ್ಯರ್ಥ ಸಿಕ್ಕಾಗಲೇ ಸಾಧ್ಯ. ಸಾರ ಇಷ್ಟು.

ನನ್ನ ಮಟ್ಟಿಗೆ ಇದರಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಹಣದ್ದಲ್ಲ, ವೈರ್‌ಲೆಸ್‌ದು. ತಾನು ಹೋರಾಡುತ್ತಿರುವ ಸೀಮೆಯ ಒಳಗೆ ಪರದೇಶದ ಅಧಿಕಾರಿಯನ್ನು ಅವನದೇ ಸಂಪರ್ಕ ಸಾಧನದೊಂದಿಗೆ ಕೂರಿಸಿಕೊಳ್ಳುತ್ತೇನೆ ಎಂದು ಗೆರಿಲ್ಲಾ ಸೇನೆಯೊಂದು ಹೇಳುವುದು ಸಣ್ಣ ಮಾತಲ್ಲ. ಆ ಸೇನೆಯ ಜೀವ ಉಳಿಯುವುದೇ ತಾನೆಲ್ಲಿದ್ದೇನೆಂಬುದು ವೈರಿಗೆ ತಿಳಿಯದಿರುವುದರಿಂದ. ಒಂದು ವೇಳೆ ಅದು ಬೂಟಾಟಿಕೆಯೇ ಆಗಿದ್ದರೆ, ಒಬ್ಬ ವೀಕ್ಷಕನನ್ನು ಕಳಿಸಿ ಎರಡೇ ತಿಂಗಳಲ್ಲಿ ಅದನ್ನು ಬಯಲು ಮಾಡಬಹುದಿತ್ತು.

ಯಾರನ್ನೂ ಕಳಿಸಲಿಲ್ಲ. ಅದೇ ಮಳೆಗಾಲದಲ್ಲಿ ಲೋ ಥಾಯ್ ಗಡಿ ದಾಟಿ ಮೇ ಹೊಂಗ್ ಸೊನ್ ಪ್ರಾಂತಕ್ಕೆ ಕಾಲಿಟ್ಟಾಗ ಥಾಯ್ ಪೊಲೀಸರು ಅವನನ್ನು ಹಿಡಿದು ಬರ್ಮಾಕ್ಕೆ ಒಪ್ಪಿಸಿದರು. ರಂಗೂನಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಅಪರಾಧ ಅಫೀಮಿನದಲ್ಲ, ರಾಜದ್ರೋಹದ್ದು. ಅಫೀಮು ಸಾಗಿಸಲು ಸರ್ಕಾರವೇ ಬಿಟ್ಟಿತ್ತಲ್ಲ. ಶಿಕ್ಷೆ ಜಾರಿಯಾಗಲಿಲ್ಲ, 1980ರ ಕ್ಷಮಾದಾನದಲ್ಲಿ ಹೊರಬಂದ. ದೊಡ್ಡ ಕಳ್ಳಸಾಗಣೆಗಾರನನ್ನು ಹಿಡಿದೆವೆಂಬ ಸಂಭ್ರಮ ವಾಷಿಂಗ್ಟನ್ನಿನಲ್ಲಿ ನಡೆಯಿತು. ಮೇಜಿನ ಆ ಬದಿಯಲ್ಲಿ ಸಹಿ ಹಾಕಿದ್ದವರಿಗೆ ಸಿಕ್ಕ ಪಾಠ ಬೇರೆ: ಮಾತಾಡಲು ಹೊರಟರೆ ಬೇಡಿ ಬೀಳುತ್ತದೆ.

ವಾಷಿಂಗ್ಟನ್ನಿನ ಎರಡು ದಿನ

ಆದರೂ ಮಾತು ಸಾಯಲಿಲ್ಲ. ನ್ಯೂಯಾರ್ಕಿನ ಡೆಮಾಕ್ರಟಿಕ್ ಸಂಸದ ಲೆಸ್ಟರ್ ವುಲ್ಫ್ ಅದನ್ನು ಕೈಗೆತ್ತಿಕೊಂಡರು. ಅವರ ಉಪಸಮಿತಿ 1975ರ ಏಪ್ರಿಲ್ 22 ಮತ್ತು 23ರಂದು, ಸುವರ್ಣ ತ್ರಿಕೋನದ (ಬರ್ಮಾ, ಲಾವೋಸ್, ಥಾಯ್ಲೆಂಡ್ ಗಡಿಗಳು ಕೂಡುವ ಸೀಮೆಯ) ಅಫೀಮನ್ನು ಹತೋಟಿಗೆ ತಂದು ಶಾನ್ ಅಫೀಮು ವ್ಯಾಪಾರವನ್ನು ಕೊನೆಗಾಣಿಸುವ ಪ್ರಸ್ತಾವದ ಬಗ್ಗೆಯೇ ವಿಚಾರಣೆ ನಡೆಸಿತು. ಆ ತಾರೀಖುಗಳನ್ನು ಗಮನಿಸಿ. ನೋಮ್ ಪೆನ್ ಏಪ್ರಿಲ್ 17ಕ್ಕೆ ಬಿದ್ದಿತ್ತು, ಸೈಗಾನ್ ಏಪ್ರಿಲ್ 30ಕ್ಕೆ ಬೀಳಲಿತ್ತು. ಆಗ್ನೇಯ ಏಷ್ಯಾದ ಕಾಡಿನಲ್ಲಿ ಇನ್ನೊಂದು ಸಶಸ್ತ್ರ ಗುಂಪಿನ ಜೊತೆ ಒಪ್ಪಂದ ಮಾಡಿಕೊಳ್ಳಿ ಎಂದು ಅಮೆರಿಕದ ಸರ್ಕಾರವನ್ನು ಕೇಳಲು ಇದಕ್ಕಿಂತ ಕೆಟ್ಟ ವಾರ ಸಿಗಲಾರದು.

ವುಲ್ಫ್ ಅವರ ಕಾಳಜಿ ನಿಜವಾದದ್ದು. ಅವರ ನಗರದ ಬೀದಿಗಳಲ್ಲಿ ಯುವಕರು ಹೆರಾಯಿನ್‌ಗೆ ಸಾಯುತ್ತಿದ್ದರು. ಆಗಿನ ಸಾಮಾನ್ಯ ಅಂದಾಜಿನ ಪ್ರಕಾರ ಬರ್ಮಾದ ಬೆಳೆ ವರ್ಷಕ್ಕೆ ಸುಮಾರು 400 ಟನ್. ಹತ್ತು ಕಿಲೋ ಅಫೀಮಿನಿಂದ ಒಂದು ಕಿಲೋ ಹೆರಾಯಿನ್ ಆಗುವ ಲೆಕ್ಕದಲ್ಲಿ ಅದು 40 ಟನ್ ಹೆರಾಯಿನ್. ಅದನ್ನು ಗಡಿಯ ಬೆಲೆಗೆ ಅಫೀಮಾಗಿಯೇ ಕೊಂಡರೆ, ಹೆರಾಯಿನ್ ಆಗಿ ಬಂದ ಮೇಲೆ ಬೀದಿಬೀದಿಯಲ್ಲಿ ಬೆನ್ನಟ್ಟುವ ಖರ್ಚಿನ ಒಂದು ಚೂರು ಮಾತ್ರ. ಇದು ಹುಚ್ಚು ಯೋಚನೆಯೂ ಆಗಿರಲಿಲ್ಲ. ಟರ್ಕಿ ಗಸಗಸೆ ಬೇಸಾಯ ನಿಲ್ಲಿಸಲಿ ಎಂದು ಅಮೆರಿಕ 1971ರಲ್ಲಿ ಸುಮಾರು 3.5 ಕೋಟಿ ಡಾಲರ್ ನೆರವಿಗೆ ಒಪ್ಪಿಕೊಂಡಿತ್ತು. ಅಲ್ಲಿ ಸಹಿ ಹಾಕಲು ಸರ್ಕಾರವಿತ್ತು, ಇಲ್ಲಿ ಬಂಡುಕೋರರಿದ್ದರು.

ಅಧಿಕಾರಿಗಳು ಎತ್ತಿದ ಆಕ್ಷೇಪಗಳಲ್ಲಿ ಮೊದಲನೆಯದು ಇದೇ. ನಾವು ಮಾನ್ಯ ಮಾಡಿರುವ ಸರ್ಕಾರದ ವಿರುದ್ಧ ಬಂದೂಕು ಹಿಡಿದವರಿಗೆ ಹಣ ಕೊಡುವುದೆಂದರೆ ಆ ಬಂದೂಕಿಗೇ ಹಣ ಕೊಟ್ಟಂತೆ. ಎರಡನೆಯದು, ಇವರು ಹೇಳಿದಷ್ಟು ಅಫೀಮು ಇವರ ಕೈಯಲ್ಲಿ ಇಲ್ಲ. ಮೂರನೆಯದು, ಈ ವರ್ಷ ಕೊಂಡರೆ ಮುಂದಿನ ವರ್ಷ ಎರಡರಷ್ಟು ಬೆಳೆಯುತ್ತಾರೆ. ರಂಗೂನು ಸರ್ಕಾರದ ನಿಲುವೂ ಕಠಿಣವಾಗಿತ್ತು. 1974ರಿಂದ ಅದು ಅಮೆರಿಕದ ಹೆಲಿಕಾಪ್ಟರುಗಳನ್ನು ಅಫೀಮು ನಿಗ್ರಹದ ಹೆಸರಿನಲ್ಲಿ ಪಡೆಯುತ್ತಿತ್ತು. ಅವೇ ಹೆಲಿಕಾಪ್ಟರುಗಳು ಬಂಡುಕೋರರ ವಿರುದ್ಧವೂ ಹಾರುತ್ತವೆಂಬುದು ಎಲ್ಲರಿಗೂ ಗೊತ್ತಿತ್ತು.

1976ರಲ್ಲಿ ಮಾದಕವಸ್ತುಗಳ ಬಗ್ಗೆ ಪ್ರತ್ಯೇಕ ಸಂಸದೀಯ ಸಮಿತಿ ರಚನೆಯಾಗಿ ವುಲ್ಫ್ ಅದರ ಅಧ್ಯಕ್ಷರಾದರು. ಅಷ್ಟರಲ್ಲಿ ಖುನ್ ಸಾ ಕಣಕ್ಕೆ ಮರಳಿದ್ದ. 1969ರಲ್ಲಿ ಬರ್ಮಾ ಸರ್ಕಾರ ಅವನನ್ನು ಬಂಧಿಸಿದ್ದಾಗ ಅವನ ಹಿಂಬಾಲಕರು ಶಾನ್ ರಾಜ್ಯದ ಟೌಂಜಿಯಿಂದ ಇಬ್ಬರು ರಷ್ಯನ್ ವೈದ್ಯರನ್ನು ಅಪಹರಿಸಿ, ಅವರ ಬಿಡುಗಡೆಗೆ ಬದಲಾಗಿ 1974ರಲ್ಲಿ ಅವನನ್ನು ಬಿಡಿಸಿಕೊಂಡಿದ್ದರು. ಥಾಯ್ ಗಡಿಯ ಬಾನ್ ಹಿನ್ ತೇಕ್ ಎಂಬ ಊರಿನಿಂದ ಅವನೂ ಬೆಳೆ ಮಾರುವ ಮಾತನಾಡಿದ. 1977ರಲ್ಲಿ ಸಮಿತಿಯ ಮುಖ್ಯ ವಕೀಲ ಜೋಸೆಫ್ ನೆಲ್ಲಿಸ್ ಅವನನ್ನು ಭೇಟಿಯಾದರು. ಕಾರ್ಟರ್ ಆಡಳಿತ ಈ ಸಲವೂ ಒಪ್ಪಲಿಲ್ಲ. ಪ್ರಸ್ತಾವದ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಮುಂದೆ ಖುನ್ ಸಾ ಇದೇ ಮಾತನ್ನು ಹಲವು ಸಲ ಆಡಿದರೂ, ಅಷ್ಟರಲ್ಲಿ ಅದು ಜಗತ್ತಿನ ಅತಿ ದೊಡ್ಡ ಹೆರಾಯಿನ್ ವ್ಯಾಪಾರಿಯ ಮಾತಾಗಿತ್ತು.

ಆಕ್ಷೇಪಗಳ ತೂಕ

ಮೂರನೆಯ ಆಕ್ಷೇಪದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದೇ ಅತ್ಯಂತ ಗಟ್ಟಿಯಾದದ್ದು. ರೈತನಿಗೆ ಸಿಗುವ ಬೆಲೆ ನ್ಯೂಯಾರ್ಕಿನ ಬೀದಿಯ ಬೆಲೆಯ ನೂರರಲ್ಲಿ ಒಂದು ಪಾಲೂ ಅಲ್ಲ. ಅಮೆರಿಕ ಎಷ್ಟೇ ಕೊಟ್ಟರೂ ಹೆರಾಯಿನ್ ಮಾಡುವವನು ಅದರ ಮೇಲೆ ಇನ್ನಷ್ಟು ಸೇರಿಸಿ ಕೊಡಬಲ್ಲ, ಅವನ ಲಾಭಕ್ಕೆ ಗೀರು ಕೂಡ ಬೀಳುವುದಿಲ್ಲ. ಇಬ್ಬರು ಗಿರಾಕಿಗಳು ಪೈಪೋಟಿಗೆ ಇಳಿದರೆ ಹೊಲದ ಬೆಲೆ ಏರುತ್ತದೆ, ಏರಿದ ಬೆಲೆಗೆ ಹೊಸ ಇಳಿಜಾರುಗಳು ಹೊಲವಾಗುತ್ತವೆ. ಬರಿಯ ಖರೀದಿಯಿಂದ ಅಫೀಮು ಮುಗಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು.

ಆದರೆ ಖರೀದಿಯ ಜೊತೆಗೆ ಅಳತೆಯಿದ್ದರೆ? ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢ ಸೀಮೆಯಲ್ಲಿ ನಮ್ಮ ಸರ್ಕಾರ ಪ್ರತಿವರ್ಷ ಮಾಡುವುದು ಇದನ್ನೇ. ಗ್ವಾಲಿಯರಿನಲ್ಲಿ ಕೇಂದ್ರ ಕಚೇರಿಯಿರುವ ಮಾದಕವಸ್ತು ಬ್ಯೂರೋ ರೈತನಿಗೆ ಪಟ್ಟಾ, ಅಂದರೆ ಬೆಳೆಯುವ ಪರವಾನಗಿ, ಕೊಡುತ್ತದೆ, ಹೊಲವನ್ನು ಅಳೆಯುತ್ತದೆ. ಕಾಯಿ ಗೀರುವ ದಿನಗಳಲ್ಲಿ ಊರಿನ ಲಂಬರ್ದಾರ (ಬೆಳೆಗಾರರ ಮುಖ್ಯಸ್ಥ) ಅಂದಂದಿನ ಹಾಲಿನ ತೂಕ ಬರೆದಿಡುತ್ತಾನೆ. ಸುಗ್ಗಿ ಮುಗಿದ ಮೇಲೆ ಅಷ್ಟನ್ನೂ ಸರ್ಕಾರ ಕೊಂಡು ನೀಮಚ್ ಮತ್ತು ಗಾಜಿಪುರದ ಕಾರ್ಖಾನೆಗಳಿಗೆ ಕಳಿಸುತ್ತದೆ. ಇಳುವರಿ ಕಡಿಮೆ ತೋರಿಸಿದವನ ಪಟ್ಟಾ ಮುಂದಿನ ವರ್ಷಕ್ಕೆ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಅಲ್ಲಿ ಸೋರಿಕೆ ನಿಂತಿಲ್ಲ, ನಿಜ. ಆದರೆ ಸೋರಿಕೆ ಬೇರೆ, ಇಡೀ ಬೆಳೆಯೇ ಹೆರಾಯಿನ್ ಕುಲುಮೆಗೆ ಹೋಗುವುದು ಬೇರೆ.

ಶಾನ್ ಬೆಟ್ಟಗಳಲ್ಲಿ ಲಂಬರ್ದಾರ ಎಲ್ಲಿದ್ದ ಎಂದು ಕೇಳಬಹುದು. ಇದ್ದ, ಅವನೇ ಬಂಡುಕೋರರ ತೆರಿಗೆಯವ. ಯಾವ ಊರಿನಲ್ಲಿ ಎಷ್ಟು ಮನೆ, ಯಾರ ಹೊಲದಲ್ಲಿ ಎಷ್ಟು ವಿಸ್ (ಬರ್ಮಾದ ತೂಕದ ಅಳತೆ) ಅಫೀಮು ಇಳಿಯಿತು ಎಂಬುದು ರಂಗೂನಿನ ಯಾವ ಕಚೇರಿಗೂ ಗೊತ್ತಿರಲಿಲ್ಲ. ಪಾಲು ಎತ್ತುವವನಿಗೆ ಗೊತ್ತಿತ್ತು, ಏಕೆಂದರೆ ಗೊತ್ತಿಲ್ಲದಿದ್ದರೆ ಅವನ ಸೇನೆಗೆ ಊಟವಿಲ್ಲ. ಆ ಸೀಮೆಯಲ್ಲಿ ಅಳತೆಯ ವ್ಯವಸ್ಥೆಯೊಂದು ಇದ್ದರೆ ಅದು ಅದೊಂದೇ. ಈ ಸಂಗತಿಯನ್ನು ವಿಚಾರಣೆಯ ಅಧಿಕಾರಿಗಳು ದೋಷವಾಗಿ ನೋಡಿದರು. ನನಗೆ ಅದು ಪ್ರಸ್ತಾವದ ಅತಿದೊಡ್ಡ ಬಂಡವಾಳವಾಗಿ ಕಾಣುತ್ತದೆ.

ಎರಡನೆಯ ಆಕ್ಷೇಪ ಸರಿಯಾದದ್ದು, ಅದನ್ನು ಮುಚ್ಚಿಡಲು ನನಗಿಷ್ಟವಿಲ್ಲ. ಕೊಕಾಂಗ್ ಮತ್ತು ವಾ ಬೆಟ್ಟಗಳು ಕಮ್ಯುನಿಸ್ಟರ ಕೈಯಲ್ಲಿದ್ದವು, ತೆಂಕಣ ದಾರಿಗಳು ಕುವೊಮಿಂಟಾಂಗಿನ ಕೈಯಲ್ಲಿ. ಶಾನ್ ಸೇನೆ ಇಡೀ ರಾಜ್ಯದ ಪರವಾಗಿ ಮಾತಾಡಿತಾದರೂ ಇಡೀ ರಾಜ್ಯ ಅದರ ಹಿಡಿತದಲ್ಲಿರಲಿಲ್ಲ. 400 ಟನ್ನನ್ನೂ ತಂದೊಪ್ಪಿಸಲು ಅದರಿಂದ ಆಗುತ್ತಿರಲಿಲ್ಲ. ಹಾಗೆಂದು, ಆಗುವಷ್ಟನ್ನೂ ಬೇಡ ಎನ್ನುವುದು ಇದಕ್ಕೆ ಉತ್ತರವಲ್ಲ. ಅದರ ಹಿಡಿತದಲ್ಲಿದ್ದ ಒಂದು ಸೀಮೆಯನ್ನು ಆರಿಸಿ, ವೀಕ್ಷಕರನ್ನು ಕೂರಿಸಿ, ಆ ಸೀಮೆಯ ಬೆಳೆಯನ್ನಷ್ಟೇ ಕೊಂಡು, ಮುಂದಿನ ಬಿತ್ತನೆ ಎಷ್ಟಾಯಿತೆಂದು ಅಳೆದಿದ್ದರೆ ಸಾಕಿತ್ತು. ಕುವೊಮಿಂಟಾಂಗಿನ ಜೊತೆ 1972ರಲ್ಲಿ ಆದ ತಪ್ಪೂ ಇದೇ. ಅಲ್ಲಿ ಗೋದಾಮಿನ ಸರಕನ್ನು ಕೊಂಡರು, ಹೊಲದ ಬೆಳೆಯನ್ನಲ್ಲ. ವ್ಯಾಪಾರಿಗೆ ಹಣ ಕೊಟ್ಟರು, ರೈತನ ಸಾಲ ಹಾಗೆಯೇ ಉಳಿಯಿತು. ಸುಟ್ಟ ಮೇಲೆ ನೋಡಲು ಯಾರೂ ಗುಡ್ಡ ಹತ್ತಲಿಲ್ಲ.

ಇನ್ನು ಮೊದಲನೆಯ ಆಕ್ಷೇಪ, ಬಂಡುಕೋರರಿಗೆ ಹಣ ಕೊಡಬಾರದೆಂಬುದು. ಇದು ತತ್ವದ ಮಾತಾಗಿದ್ದರೆ ನಾನು ಗೌರವಿಸುತ್ತಿದ್ದೆ. ಆದರೆ ಕುವೊಮಿಂಟಾಂಗ್ ಯಾವ ಮಾನ್ಯ ಸರ್ಕಾರದ ಸೇನೆಯಾಗಿ ಥಾಯ್ ನೆಲದಲ್ಲಿ ನಿಂತಿತ್ತು? ಅವರಿಗೆ ಹಣ ಕೊಡುವಾಗ ಕಾಡದ ಪ್ರಶ್ನೆ ಶಾನರ ವಿಷಯಕ್ಕೆ ಬಂದಾಗ ಕಾಡಿತು. ಪಕ್ಕದ ಸರ್ಕಾರಕ್ಕೆ ಬೇಕಾದವರ ಜೊತೆ ವ್ಯವಹಾರ ನಡೆಯಿತು, ಬೇಡದವರ ಜೊತೆ ನಡೆಯಲಿಲ್ಲ. ಮೇಲಾಗಿ ರಂಗೂನಿಗೆ ಹೋದ ಹೆಲಿಕಾಪ್ಟರುಗಳೂ ಆ ಯುದ್ಧದಲ್ಲಿ ಒಂದು ಪಕ್ಷಕ್ಕೆ ಕೊಟ್ಟ ಆಯುಧವೇ.

ಒಂದು ಮಾತನ್ನು ಶಾನ್ ನಾಯಕರ ವಿರುದ್ಧವೂ ಹೇಳಬೇಕು. ಅವರ ಕಾಗದದಲ್ಲಿ ಶಾನ್ ರಾಜ್ಯದ ಹಕ್ಕುಗಳಿವೆ, ಸೇನೆಗಳಿವೆ, ಬೆಳೆಯ ಖರೀದಿಯಿದೆ. ಲಾಹು ರೈತ ತನ್ನ ಅಕ್ಕಿಯ ಸಾಲವನ್ನು ಹೇಗೆ ತೀರಿಸಬೇಕು ಎಂಬುದು ಅಲ್ಲಿ ಅಧ್ಯಯನಕ್ಕೆ ಬಿಟ್ಟ ವಿಷಯ. ಗಡಿಯಲ್ಲಿ ಕೊಟ್ಟ ಡಾಲರಿನಲ್ಲಿ ಅವನ ಕೈಗೆ ಬರುವುದೆಷ್ಟು ಎಂಬ ಪ್ರಶ್ನೆಯನ್ನು ಮೇಜಿನ ಎರಡೂ ಬದಿಯವರು ಕೇಳಲಿಲ್ಲ. ಗಡಿಯ ಆಚೆ, ಥಾಯ್ಲೆಂಡಿನಲ್ಲಿ, 1969ರಲ್ಲಿ ಶುರುವಾದ ರಾಜಯೋಜನೆ (ಥಾಯ್ ದೊರೆಯ ಬೆಟ್ಟದ ಅಭಿವೃದ್ಧಿ ಯೋಜನೆ) ಇದೇ ಪ್ರಶ್ನೆಯಿಂದ ಹೊರಟಿತ್ತು. ಪೀಚ್, ಕಾಫಿ, ಹುರುಳಿಕಾಯಿ, ರಸ್ತೆ, ಶಾಲೆ, ಮಾರುಕಟ್ಟೆ ಎಂದು ವರ್ಷಗಟ್ಟಲೆ ದುಡಿದು, ಬದಲಿ ಆದಾಯ ನೆಲೆಗೊಂಡ ಮೇಲಷ್ಟೇ 1980ರ ದಶಕದ ಮಧ್ಯದಲ್ಲಿ ಗಿಡ ಕಡಿಯುವ ಕೆಲಸ ಬಿಗಿಯಾಯಿತು. ಇಪ್ಪತ್ತು ವರ್ಷಗಳ ತಾಳ್ಮೆಯಿಂದ ಅಲ್ಲಿ ಅಫೀಮು ಹೆಚ್ಚುಕಡಿಮೆ ಮಾಯವಾಯಿತು. ಅದೇ ಬೆಟ್ಟಸಾಲು, ಅದೇ ಲಾಹು, ಅದೇ ಲಿಸು ಜನ.

ಆಮೇಲೆ

ಬಾಗಿಲು ಮುಚ್ಚಿದ ಮೇಲೆ ಶಾನ್ ಸೇನೆ ಶಸ್ತ್ರಕ್ಕಾಗಿ ಬೇರೆ ಕಡೆ ನೋಡಿತು. 1970ರ ದಶಕದ ಉತ್ತರಾರ್ಧದಲ್ಲಿ ಅದರ ಒಂದು ಭಾಗ ಕಮ್ಯುನಿಸ್ಟ್ ಪಕ್ಷದ ಕೋವಿಗಳಿಗೆ ಕೈಯೊಡ್ಡಿ, ಆ ಪ್ರಶ್ನೆಯ ಮೇಲೆಯೇ ಸೇನೆ ಒಡೆಯಿತು. ಬಿಟ್ಟ ಜಾಗವನ್ನು ಖುನ್ ಸಾ ತುಂಬಿದ. 1982ರಲ್ಲಿ ಥಾಯ್ ಸೇನೆ ಬಾನ್ ಹಿನ್ ತೇಕಿನಿಂದ ಹೊಡೆದೋಡಿಸಿದರೂ ಗಡಿಯ ಈಚೆ, ಬರ್ಮಾದ ಹೋ ಮೊಂಗಿನಲ್ಲಿ ಇನ್ನೂ ದೊಡ್ಡ ನೆಲೆ ಕಟ್ಟಿದ. ಅಮೆರಿಕ 1980ರ ದಶಕದ ಮಧ್ಯದಿಂದ ಬರ್ಮಾ ಸರ್ಕಾರಕ್ಕೆ ವಿಮಾನಗಳನ್ನೂ 2,4-ಡಿ ಕಳೆನಾಶಕವನ್ನೂ ಕೊಟ್ಟು ಹೊಲಗಳ ಮೇಲೆ ಸಿಂಪಡಿಸಲು ನೆರವಾಯಿತು. 1988ರಲ್ಲಿ ರಂಗೂನಿನ ಬೀದಿಗಳಲ್ಲಿ ಸೇನೆ ಜನರನ್ನು ಕೊಂದ ಮೇಲೆ ಆ ನೆರವು ನಿಂತಿತು. 1989ರಲ್ಲಿ ಕಮ್ಯುನಿಸ್ಟ್ ಪಕ್ಷ ಒಳಗಿನಿಂದಲೇ ಕುಸಿದು, ವಾ ಮತ್ತು ಕೊಕಾಂಗ್ ಪಡೆಗಳು ಸರ್ಕಾರದೊಂದಿಗೆ ಕದನವಿರಾಮ ಮಾಡಿಕೊಂಡವು. 1975ರಲ್ಲಿ ಬಂಡುಕೋರರ ಜೊತೆ ಮಾತೇ ಕೂಡದು ಎಂದಿದ್ದ ರಂಗೂನು ಈಗ ಅದೇ ಬಗೆಯ ಪಡೆಗಳಿಗೆ ತಮ್ಮ ಸೀಮೆಯಲ್ಲಿ ಮನಸ್ಸಿಗೆ ಬಂದಂತೆ ವ್ಯಾಪಾರ ಮಾಡಿಕೊಳ್ಳಲು ಬಿಟ್ಟಿತು. 1990ರ ದಶಕದ ಮೊದಲ ಭಾಗದಲ್ಲಿ ಮ್ಯಾನ್ಮಾರ್‌ನ ಬೆಳೆ 1,700 ಟನ್ ದಾಟಿತು, ವುಲ್ಫ್ ಅವರ ಮೇಜಿನ ಮೇಲಿದ್ದ ಅಂಕಿಯ ನಾಲ್ಕು ಪಟ್ಟಿಗಿಂತಲೂ ಹೆಚ್ಚು.

1990ರಲ್ಲಿ ಅಮೆರಿಕ ಖುನ್ ಸಾನ ಮೇಲೆ ದೋಷಾರೋಪ ಹೊರಿಸಿ, ತಲೆಗೆ 20 ಲಕ್ಷ ಡಾಲರ್ ಬಹುಮಾನ ಘೋಷಿಸಿತು. 1996ರ ಜನವರಿಯಲ್ಲಿ ಅವನು ಶರಣಾದದ್ದು ಬರ್ಮಾ ಸೇನೆಗೆ. ರಂಗೂನಿನಲ್ಲಿ ಆರಾಮವಾಗಿ ಬದುಕಿ 2007ರಲ್ಲಿ ತೀರಿಕೊಂಡ. ಲೋ ಶಿಂಗ್-ಹಾನ್ ದೇಶದ ದೊಡ್ಡ ಉದ್ಯಮಿಗಳಲ್ಲಿ ಒಬ್ಬನಾಗಿ 2013ರಲ್ಲಿ ಸತ್ತ.

ಕೊಕಾಂಗ್ ನಾಯಕರು 2003ರಲ್ಲಿ, ವಾ ನಾಯಕರು 2005ರಲ್ಲಿ ತಮ್ಮ ಸೀಮೆಯಲ್ಲಿ ಅಫೀಮು ನಿಷೇಧಿಸಿದರು. ಬದಲಿ ಬೆಳೆ ನೆಲೆಯೂರುವ ಮೊದಲೇ ನಿಷೇಧ ಬಂದದ್ದರಿಂದ ಬೆಟ್ಟದ ಊರುಗಳಿಗೆ ವಿಶ್ವ ಆಹಾರ ಕಾರ್ಯಕ್ರಮದ ಅಕ್ಕಿ ಹೋಗಬೇಕಾಯಿತು. 2021ರ ಸೇನಾ ದಂಗೆಯ ನಂತರ ಉಳಿದ ದುಡಿಮೆಗಳೆಲ್ಲ ಕುಸಿದು ಬೇಸಾಯ ಮತ್ತೆ ಹಬ್ಬಿತು. 2023ರಲ್ಲಿ ವಿಶ್ವಸಂಸ್ಥೆಯ ಅಂದಾಜು 1,080 ಟನ್. ತಾಲಿಬಾನ್ ನಿಷೇಧದಿಂದ ಅಫ್ಘಾನಿಸ್ತಾನದ ಬೆಳೆ ಬಿದ್ದಿದ್ದರಿಂದ ಆ ವರ್ಷ ಮ್ಯಾನ್ಮಾರ್ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೆ ಬಂತು, ಅದರಲ್ಲಿ ದೊಡ್ಡ ಪಾಲು ಶಾನ್ ರಾಜ್ಯದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಯ ಹೆಂಗಸರು ಜೋಳದ ಒಣದಂಟುಗಳ ನಡುವೆ ಇಂದಿಗೂ ಗಸಗಸೆ ಚೆಲ್ಲುತ್ತಾರೆ, ಸುಗ್ಗಿಯಾದಾಗ ಆ ಕಣಿವೆಯನ್ನು ಹಿಡಿದಿರುವ ಪಡೆಯವರು ಬಂದು ತಮ್ಮ ಪಾಲು ತೂಗಿಸಿಕೊಂಡು ಹೋಗುತ್ತಾರೆ.